ಎಡಗೈಗೆ ಏನು ಕೊಡೋದು?

14 ಮಾರ್ಚ್ 2025, ಶುಕ್ರವಾರ, ರಾತ್ರಿ

ಸಂಜೆ ತಮ್ಮನ ಫೋನು. ಚಿಕ್ಕಪ್ಪನ ಮಗ ಗೊತ್ತಲ್ಲ, ಒಂದು ವಸ್ತು ಕೊಳ್ಳುವ ಮುಂಚೆ ಸಿಕ್ಕ ವಿಡಿಯೊ ಎಲ್ಲ ನೋಡಿ ಗೊಂದಲವನ್ನು ದುಪ್ಪಟ್ಟು ಮಾಡಿಕೊಳ್ಳುವವನು. ಈ ಸಲದ್ದು ಗಗನನೌಕೆ ಹಾರಿಸುವ ಕಂಪ್ಯೂಟರ್ ಆಟಕ್ಕೆ ಜಾಯ್‌ಸ್ಟಿಕ್.

‘ಅಣ್ಣಾ, ಎಲೀಟ್ ಡೇಂಜರಸ್‌ಗೆ ಜಾಯ್‌ಸ್ಟಿಕ್ ನೋಡ್ತಿದ್ದೀನಿ. ಒಂದರಲ್ಲಿ ಏಳು ಆಕ್ಸಿಸ್ ಅಂತೆ, ಇನ್ನೊಂದರಲ್ಲಿ ಆರು. ಏಳಿರೋದೇ ಒಳ್ಳೇದಲ್ವಾ?’

‘ಆ ಏಳರಲ್ಲಿ ಕೈ ಬಿಟ್ಟರೆ ತಾನಾಗೇ ನಡುವಿಗೆ ಬರೋದು ಎಷ್ಟು, ಅದನ್ನು ನೋಡು’ ಅಂದೆ.

‘ಅದನ್ನ ಎಲ್ಲೂ ಬರೆದೇ ಇಲ್ವಲ್ಲ.’

ನಿಜ, ಬರೆಯೋದಿಲ್ಲ. ಡಬ್ಬದ ಮೇಲೆ ಬರೋದು ಮೊತ್ತ ಮಾತ್ರ. ಆಕ್ಸಿಸ್ ಅಂದರೆ ಬರೀ ಒತ್ತುವ ಗುಂಡಿಯಲ್ಲ, ಬೇಕಾದಷ್ಟೇ ಆಡಿಸಬಹುದಾದ ಒಂದೊಂದು ಚಲನೆ. ನೌಕೆಗೆ ಬೇಕಾದದ್ದು ಆರು ಚಲನೆ. ಮೂರು ತಿರುಗುವ ಬಗೆ: ಮೂತಿ ಮೇಲೆ ಕೆಳಗೆ ಹೋಗುವ ಪಿಚ್, ಎಡಬಲಕ್ಕೆ ತಿರುಗುವ ಯಾ, ಮಗ್ಗುಲು ಹೊರಳುವ ರೋಲ್. ಇನ್ನು ಮೂರು ಸರಿಯುವ ಬಗೆ: ಮೂತಿ ಇದ್ದ ದಿಕ್ಕಿಗೇ ಇರಲಿ, ಇಡೀ ನೌಕೆ ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಜರುಗಬೇಕು. ವಿಮಾನದ ಆಟದಲ್ಲಿ ಈ ಕೊನೆಯ ಎರಡಕ್ಕೆ ಕೆಲಸವೇ ಇಲ್ಲ. ಆದ್ದರಿಂದ ವಿಮಾನಕ್ಕೆಂದು ಮಾಡಿದ ಸೆಟ್ ತಂದು ನೌಕೆ ಹಾರಿಸಿದರೆ ಕೊರತೆ ಬೀಳೋದು ಸರಿಯಾಗಿ ಅಲ್ಲೇ.

ಅವನು ಹೇಳಿದ ಏಳರ ಲೆಕ್ಕ ಬಿಡಿಸಿ ಹೇಳಿದೆ. ಮೂರು ಸ್ಟಿಕ್ಕಿನವು, ಅಂದರೆ ಎಡಬಲ, ಹಿಂದೆಮುಂದೆ, ಮತ್ತೆ ಹಿಡಿಯನ್ನು ತಿರುಚುವ ಟ್ವಿಸ್ಟ್. ಒಂದು ಥ್ರಾಟಲ್, ಅಂದರೆ ವೇಗ ಹೆಚ್ಚು ಕಡಿಮೆ ಮಾಡುವ ಹಿಡಿ. ಉಳಿದದ್ದು ಎರಡು ತಿರುಗುಗುಂಡಿ, ಒಂದು ಜಾರುಗುಂಡಿ. ಈ ಕೊನೆಯ ಮೂರೂ ಬಿಟ್ಟಲ್ಲೇ ನಿಲ್ಲುವಂಥವು. ಮೇಲೆ ಕೆಳಗೆ ಸರಿಯೋದನ್ನು ತಿರುಗುಗುಂಡಿಗೆ ಕಟ್ಟಿದರೆ ಇಳಿಯೋಕೆ ಶುರುಮಾಡಿದ ನೌಕೆಯನ್ನು ನಿಲ್ಲಿಸಲು ಗುಂಡಿಯನ್ನು ಕರಾರುವಾಕ್ಕಾಗಿ ಸೊನ್ನೆಗೇ ತಂದು ಇಡಬೇಕು. ಕಣ್ಣು ತಿರುಗುತ್ತಿರುವ ನಿಲ್ದಾಣದ ಬಾಗಿಲ ಮೇಲಿರುವಾಗ ಅದು ಆಗದ ಮಾತು. ರೇಡಾರ್ ವ್ಯಾಪ್ತಿ ಹಿಗ್ಗಿಸೋದಕ್ಕೆ, ಜೂಮ್‌ಗೆ ಆ ಗುಂಡಿಗಳು ಚೆನ್ನ. ಹಾರಿಸೋದಕ್ಕೆ ಅಲ್ಲ.

‘ಹಾಗಾದ್ರೆ ಆರಿರೋದೇ ಸಾಕಾ?’

ಅವನು ನೋಡಿದ್ದ ಆರರದು ಥ್ರಸ್ಟ್‌ಮಾಸ್ಟರ್ ಟಿ16000ಎಂ ಸ್ಟಿಕ್ಕು, ಜೊತೆಗೆ ಟಿಡಬ್ಲ್ಯೂಸಿಎಸ್ ಥ್ರಾಟಲ್. ಅದರಲ್ಲಿ ಬೇರೆ ಪುಡಿ ಆಕ್ಸಿಸ್‌ಗಳೂ ಇವೆ, ಎಣಿಕೆಗೆ ಬೇಕಾದ ಆರು ಮಾತ್ರ ಹೀಗೆ: ಸ್ಟಿಕ್ಕಿನಲ್ಲಿ ಮೂರು, ಥ್ರಾಟಲ್ ಒಂದು, ಥ್ರಾಟಲ್ ಮೇಲೆ ಹೆಬ್ಬೆರಳು ಕೂರುವಲ್ಲಿ ಒಂದು ಪುಟ್ಟ ಕೋಲು. ಆ ಕೋಲಿಗೆ ಎರಡು ಆಕ್ಸಿಸ್, ಎರಡೂ ಬಿಟ್ಟರೆ ನಡುವಿಗೆ ಬರುತ್ತವೆ. ಎಡಬಲ, ಮೇಲೆಕೆಳಗೆ ಎರಡೂ ಅಲ್ಲಿಗೆ. ಆರಕ್ಕೆ ಆರು ಆಯ್ತು. ಆ ಕೋಲು ಇಲ್ಲದ ಸೆಟ್‌ಗಳಲ್ಲಿ, ಉದಾಹರಣೆಗೆ ಒಂಟಿ ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊನಲ್ಲಿ, ಈ ಎರಡು ಚಲನೆ ಹೆಬ್ಬೆರಳಿಂದ ಬೇರೆ ಬೇರೆ ದಿಕ್ಕಿಗೆ ಒತ್ತುವ ಹ್ಯಾಟ್ ಗುಂಡಿಗೆ ಹೋಗುತ್ತವೆ. ಹ್ಯಾಟ್ ಅಂದರೆ ಇದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ, ನಡುವಿನದು ಇಲ್ಲ. ನಿಲ್ದಾಣದ ಲ್ಯಾಂಡಿಂಗ್ ಪ್ಯಾಡ್ ಮೇಲೆ ಇಳಿಯುವಾಗ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯಬೇಕು. ಆಗೋದೇ ಇಲ್ಲ ಅಂತಲ್ಲ, ಎಷ್ಟೋ ಜನ ವರ್ಷಗಟ್ಟಲೆ ಹಾಗೇ ಇಳಿಸಿದ್ದಾರೆ.

ಇಷ್ಟಕ್ಕೆ ಮುಗಿಯಬೇಕಿತ್ತು. ಅಷ್ಟರಲ್ಲಿ ಅವನು, ‘ಎರಡು ಸ್ಟಿಕ್ ಹಿಡಿದು ಆಡ್ತಾರಲ್ಲ, ಅದು ಬರೀ ಶೋಕಿನಾ?’ ಅಂದುಬಿಟ್ಟ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ನಾನು ಫೋನ್ ಇಡಲಿಲ್ಲ.

ಶೋಕಿ ಅಲ್ಲ ಮಾರಾಯ. ಅಪೊಲೊ ನೌಕೆಯಲ್ಲಿ ಗಗನಯಾತ್ರಿಗಳ ಬಲಗೈಗಿದ್ದದ್ದು ತಿರುಗಿಸುವ ಹಿಡಿ, ಎಡಗೈಗಿದ್ದದ್ದು ಸರಿಸುವ ಹಿಡಿ. ಸೊಯುಜ್‌ನಲ್ಲೂ ಕೈಯಿಂದ ಡಾಕಿಂಗ್ ಮಾಡುವಾಗ ಅದೇ ಹಂಚಿಕೆ. ಗಾಳಿ ಇಲ್ಲದ ಕಡೆ ವೇಗ ಕಾಯ್ದುಕೊಳ್ಳಲು ಎಂಜಿನ್ ಉರಿಯುತ್ತಲೇ ಇರಬೇಕಿಲ್ಲ. ಒಮ್ಮೆ ತಳ್ಳಿ ಬಿಟ್ಟರೆ ಮುಗಿಯಿತು, ನಿಲ್ಲಬೇಕಾದರೆ ಎದುರು ದಿಕ್ಕಿಗೆ ತಳ್ಳಬೇಕು. ಅಂಥ ಕೆಲಸಕ್ಕೆ ಸ್ಪ್ರಿಂಗ್ ಇರುವ, ಬಿಟ್ಟ ಕೂಡಲೇ ಸೊನ್ನೆಗೆ ಬರುವ ಹಿಡಿಯೇ ಸರಿ.

ಹಾಗಂತ ಥ್ರಾಟಲ್ ದಂಡ ಅಂತಲೂ ಅಲ್ಲ. ಎಲೀಟ್‌ನಲ್ಲಿ ಫ್ಲೈಟ್ ಅಸಿಸ್ಟ್ ಹಾಕಿಕೊಂಡು ಹಾರಿಸುವಾಗ ಥ್ರಾಟಲ್ ಹೇಳೋದು ‘ಇಷ್ಟು ವೇಗದಲ್ಲಿರು’ ಅಂತ. ತಳ್ಳೋದು, ತಡೆಯೋದು ಕಂಪ್ಯೂಟರಿನ ಪಾಡು. ವೇಗದ ಪಟ್ಟಿಯ ನಡುವಿನ ನೀಲಿ ಭಾಗದಲ್ಲಿ ನೌಕೆ ಅತಿ ಚುರುಕಾಗಿ ತಿರುಗುತ್ತೆ. ಅಲ್ಲಿ ಇಟ್ಟು ಕೈ ಮರೆತುಬಿಡಬಹುದು, ಬಿಟ್ಟಲ್ಲೇ ನಿಲ್ಲುವ ಥ್ರಾಟಲ್‌ನ ಸುಖ ಅದೇ. ಎಕ್ಸ್4 ಅನ್ನೋ ಇನ್ನೊಂದು ನೌಕೆಯ ಆಟ ಆಡುವವರಿಗೂ, ಸರಕು ಸಾಗಿಸುತ್ತಾ ಗಂಟೆಗಟ್ಟಲೆ ಹಾಯಾಗಿ ಹೋಗುವವರಿಗೂ ಥ್ರಾಟಲೇ ಒಳ್ಳೇದು. ಅಸಿಸ್ಟ್ ತೆಗೆದು ಕಾದಾಡುವವರು, ಸ್ಟಾರ್ ಸಿಟಿಜನ್ ಅನ್ನೋ ಆಟದಲ್ಲಿ ಅಂಥದ್ದೇ ಡಿಕಪಲ್ಡ್ ಮೋಡ್‌ನಲ್ಲಿ ಹಾರಿಸುವವರು ಎರಡು ಸ್ಟಿಕ್ ಕಡೆ ವಾಲೋದು ಸಹಜ.

‘ನಾನು ಎಲೀಟು, ಸ್ಟಾರ್ ಸಿಟಿಜನ್ನು ಎರಡೂ ಆಡ್ತೀನಲ್ಲ’ ಅಂದ. ಸರಿ ಹೋಯ್ತು.

ಅದಕ್ಕೂ ದಾರಿ ಇದೆ. ಎರಡು ಸ್ಟಿಕ್ ಇಟ್ಟುಕೊಂಡು ಎಲೀಟ್ ಆಡೋದಾದರೆ ಎಡಗೈ ಸ್ಟಿಕ್ಕಿನ ಹಿಂದೆಮುಂದೆಯನ್ನು ಥ್ರಾಟಲ್ ಆಕ್ಸಿಸ್‌ಗೆ ಕಟ್ಟಬಾರದು. ಕಟ್ಟಿದರೆ ಕೈ ತೆಗೆದ ತಕ್ಷಣ ಇಟ್ಟ ವೇಗ ಉಳಿಯಲ್ಲ, ದೂರದ ಪಯಣದಲ್ಲಿ ತೋಳು ಸೋತುಹೋಗುತ್ತೆ. ನಿಯಂತ್ರಣಗಳ ಪಟ್ಟಿಯಲ್ಲಿ ಮುಂದೆ ಹಿಂದೆ ತಳ್ಳುವ ಆಕ್ಸಿಸ್ ಥ್ರಾಟಲ್‌ನಿಂದ ಬೇರೆಯಾಗೇ ಇದೆ. ಎಡ ಸ್ಟಿಕ್ ಅದಕ್ಕೆ. ವೇಗವನ್ನು ಎಡ ಹ್ಯಾಟ್‌ಗೆ ಕೊಡು: ಕೆಳಗೆ ಸೊನ್ನೆ, ಎಡಕ್ಕೆ 50%, ಬಲಕ್ಕೆ 75%, ಮೇಲೆ 100%. ವೇಗವನ್ನು ನೇರ ಒಂದು ಮಟ್ಟಕ್ಕೆ ತರುವ ಗುಂಡಿಗಳು ಆ ಪಟ್ಟಿಯಲ್ಲೇ ಇವೆ. ಹೆಬ್ಬೆರಳು ಬಲಕ್ಕೆ ಒಮ್ಮೆ ಆಡಿಸಿದರೆ ಮುಕ್ಕಾಲು ವೇಗ ಹಾಗೇ ನಿಲ್ಲುತ್ತೆ, ಸೂಪರ್‌ಕ್ರೂಸ್ ಅನ್ನೋ ದೂರದ ಅತಿವೇಗದ ಪಯಣದಲ್ಲಿ ಗುರಿಗೆ ಆರೇಳು ಸೆಕೆಂಡಿರುವಾಗ ಬೇಕಾದದ್ದೂ ಅಷ್ಟೇ.

ಮೇಲೆಕೆಳಗನ್ನು ಎಡ ಟ್ವಿಸ್ಟ್‌ಗೆ ಕಟ್ಟುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ತಿರುಚೋದಕ್ಕೂ ಮೇಲೇಳೋದಕ್ಕೂ ಕೈಗೆ ಸಂಬಂಧವೇ ಹೊಳೆಯಲ್ಲ, ಗಾಬರಿಯಲ್ಲಿ ಖಂಡಿತ ಉಲ್ಟಾ ತಿರುಚುತ್ತೀವಿ. ಹೆಬ್ಬೆರಳಿನ ಕೋಲು ಇದ್ದರೆ ಅದಕ್ಕೇ ಕೊಡಬೇಕು.

ಇನ್ನೊಂದು. ಎಡಗೈಗೆ ಅಂತಲೇ ಮಾಡಿದ ಹಿಡಿಯೇ ಬೇಕು. ಬಲಗೈ ಆಕಾರದ್ದನ್ನೇ ಎರಡು ತಂದರೆ ಎಡ ಹೆಬ್ಬೆರಳು ಗುಂಡಿಯ ತಪ್ಪು ಪಕ್ಕದಲ್ಲಿರುತ್ತೆ, ಮಣಿಕಟ್ಟು ಒಳಕ್ಕೆ ಬಾಗಿಯೇ ಇರುತ್ತೆ. ವಿಕೆಬಿ ಗ್ಲಾಡಿಯೇಟರ್‌ನಲ್ಲಿ ಎಡಗೈಯದೇ ಬೇರೆ ಸಿಗುತ್ತೆ, ಹಿಡಿಯನ್ನು ಮುಂದಕ್ಕೆ ಓರೆಯಾಗಿ ಕೂರಿಸಿದ ಆಮ್ನಿ ಥ್ರಾಟಲ್ ರೂಪದಲ್ಲೂ ಇದೆ. ಟಿ16000ಎಂ ಹಿಡಿಯ ಪಕ್ಕದ ತುಣುಕುಗಳನ್ನು ಕಳಚಿ ಎಡಗೈಗೆ ಹೊಂದಿಸಬಹುದು.

ಫೋನ್ ಇಟ್ಟಮೇಲೆ ನೆನಪಾದದ್ದು: ಗೇಮ್‌ಪ್ಯಾಡ್ ಬಗ್ಗೆ ಹೇಳಲೇ ಇಲ್ಲ. ಅವನ ಹತ್ತಿರ ಒಂದು ಇದ್ದೇ ಇದೆ. ಎರಡು ಕೋಲು ಅಂದರೆ ನಾಲ್ಕು ಆಕ್ಸಿಸ್, ಮೇಲೆ ಎರಡು ಟ್ರಿಗರ್. ಒಂದು ಟ್ರಿಗರ್ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಅಂತ ಇಟ್ಟರೆ ಐದು ಚಲನೆ, ಆರನೆಯದು ಭುಜದ ಗುಂಡಿಗಳಿಗೆ. ಒಂದೇ ಎಡವಟ್ಟು: ಎಕ್ಸ್‌ಬಾಕ್ಸ್ ಪ್ಯಾಡನ್ನು ವಿಂಡೋಸ್‌ನ ಹಳೆಯ ಡೈರೆಕ್ಟ್‌ಇನ್‌ಪುಟ್ ವ್ಯವಸ್ಥೆಯ ಮೂಲಕ ಓದುವ ಆಟಗಳಿಗೆ ಎರಡು ಟ್ರಿಗರ್ ಸೇರಿ ಒಂದೇ ಆಕ್ಸಿಸ್ ಆಗಿ ಕಾಣುತ್ತೆ, ಎರಡನ್ನೂ ಒಟ್ಟಿಗೆ ಒತ್ತಿದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಮುಂದೆ ಹಿಂದೆಗೆ ಅದು ಒಂದರ್ಥದಲ್ಲಿ ಅನುಕೂಲವೇ. ಗುರಿ ಹಿಡಿಯುವಾಗ ಮಾತ್ರ ಪ್ಯಾಡ್ ಸೋಲುತ್ತೆ. ಅಷ್ಟು ಗಿಡ್ಡ ಕೋಲಿಗೆ ನವಿರು ಎಲ್ಲಿಂದ ಬರಬೇಕು.

ಮೊದಲು ಒಂದು ತಿಂಗಳು ಪ್ಯಾಡ್‌ನಲ್ಲೇ ಆಡಿ, ಯಾವ ಚಲನೆಗೆ ಕೈ ಸಾಲುತ್ತಿಲ್ಲ ಅಂತ ನೋಡಿಕೋ ಅಂದರೆ ಕೇಳುತ್ತಾನಾ? ಕೇಳಲ್ಲ.

ಸ್ಟಿಕ್ ಬಂದ ದಿನವೇ ಮಾಡಬೇಕಾದ ಪರೀಕ್ಷೆಯನ್ನು ಮೆಸೇಜ್ ಹಾಕಿದ್ದೇನೆ, ಇಲ್ಲೂ ಇರಲಿ. ವಿಂಡೋಸ್‌ನಲ್ಲಿ ರನ್ ತೆರೆದು ಜಾಯ್ ಡಾಟ್ ಸಿಪಿಎಲ್ (joy.cpl) ಅಂತ ಹೊಡೆದರೆ ಆಟದ ಕಂಟ್ರೋಲರ್‌ಗಳ ಕಿಟಕಿ ಬರುತ್ತೆ. ಅಲ್ಲಿ ಸ್ಟಿಕ್ಕನ್ನು ಆರಿಸಿ ಪ್ರಾಪರ್ಟೀಸ್ ಒತ್ತು. ಕೈ ತೆಗೆದು ಒಂದು ನಿಮಿಷ ಅಡ್ಡಗೀಟಿನ ಗುರುತನ್ನು ನೋಡು, ಅಲುಗಬಾರದು. ಎಡತುದಿಗೆ ಒಯ್ದು ಮೆಲ್ಲಗೆ ಬಿಡು, ಬಲತುದಿಯಿಂದಲೂ ಹಾಗೇ ಮಾಡು. ಎರಡು ಸಲವೂ ಗುರುತು ಒಂದೇ ಜಾಗಕ್ಕೆ ಬರಬೇಕು. ಬರದಿದ್ದರೆ ಆ ಎರಡು ಜಾಗದ ಅಂತರವೇ ನಿನಗೆ ಬೇಕಾದ ಡೆಡ್‌ಝೋನ್, ಅಂದರೆ ಆಟ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡಬೇಕಾದ ನಡುಭಾಗ. ಆಮೇಲೆ ಸ್ಟಿಕ್ಕನ್ನು ನೇರ ಮುಂದಕ್ಕೆ ತಳ್ಳಿ ಟ್ವಿಸ್ಟ್‌ನ ಪಟ್ಟಿ ನೋಡು. ಪಟ್ಟಿಯೂ ಜರುಗಿದರೆ ಮೊದಲು ಮಣಿಕಟ್ಟನ್ನು ಅನುಮಾನಿಸು, ಆಮೇಲೆ ಸ್ಟಿಕ್ಕನ್ನು.

ಟ್ವಿಸ್ಟೇ ಮೊದಲು ಕೈಕೊಡೋದು. ಎಡಬಲ, ಹಿಂದೆಮುಂದೆಗೆ ಅಯಸ್ಕಾಂತದ ಹಾಲ್ ಸಂವೇದಕ ಹಾಕಿ, ಟ್ವಿಸ್ಟ್‌ಗೆ ಮಾತ್ರ ಹಳೇ ಪೊಟೆನ್ಷಿಯೊಮೀಟರ್ ಹಾಕಿದ ಸ್ಟಿಕ್‌ಗಳಿವೆ. ಟಿ16000ಎಂ ಕೂಡ ಹಾಗೇ. ಡಬ್ಬದ ಮೇಲೆ ಹಾಲ್ ಅಂತ ದಪ್ಪಕ್ಷರದಲ್ಲಿದ್ದರೂ ಟ್ವಿಸ್ಟ್‌ಗೂ ಅದೇ ಇದೆಯಾ ಅಂತ ಬೇರೆಯಾಗಿ ವಿಚಾರಿಸಬೇಕು. ಪೊಟೆನ್ಷಿಯೊಮೀಟರ್ ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜುತ್ತಿರುತ್ತೆ. ಸವೆದ ಪುಡಿ, ಧೂಳು ಸೇರಿದಾಗ ನೌಕೆ ತಾನಾಗೇ ಮೂತಿ ಕೊಡವಲು ಶುರುಮಾಡುತ್ತೆ. ಎಣ್ಣೆ ಉಳಿಯದ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಚಿಮ್ಮು ಬಿಟ್ಟು, ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಚಿ, ಪೂರ್ತಿ ಆರಿದ ಮೇಲೆ ಕೇಬಲ್ ಚುಚ್ಚಿದರೆ ಕೆಲಕಾಲಕ್ಕೆ ಸರಿಹೋಗುತ್ತೆ. ತುಕ್ಕು ಬಿಡಿಸುವ ಸ್ಪ್ರೇ ಬೇಡ, ಅದರ ಎಣ್ಣೆಗೆ ಇನ್ನಷ್ಟು ಧೂಳು ಅಂಟುತ್ತೆ. ಸ್ವಚ್ಛ ಮಾಡಿದರೂ ಒಂದೇ ಕೋನದಲ್ಲಿ ಕೊಡವುತ್ತಿದ್ದರೆ ಪಟ್ಟಿಯೇ ಸವೆದಿದೆ, ಬದಲಿಸಬೇಕು. ಕೋನ ಬದಲಾಗುತ್ತಾ ಪೂರಾ ಸತ್ತು ಸತ್ತು ಬರುತ್ತಿದ್ದರೆ ಹಿಡಿಯೊಳಗಿನ ತಂತಿ ತಿರುಚಿ ತಿರುಚಿ ತುಂಡಾಗುತ್ತಿದೆ ಅಂತ ಅರ್ಥ.

16,384 ಹಂತ ಅಂತೆಲ್ಲ ಜಾಹೀರಾತಿನಲ್ಲಿ ಇರುತ್ತೆ. ಸ್ಟಿಕ್ ಒಟ್ಟು 40 ಡಿಗ್ರಿ ಓಡುತ್ತೆ ಅಂದುಕೋ, 1,024 ಹಂತ ಇದ್ದರೂ ಒಂದು ಹಂತಕ್ಕೆ 0.04 ಡಿಗ್ರಿ. ಯಾರ ಕೈ ಅಷ್ಟು ನವಿರಾಗಿ ಆಡುತ್ತೆ? ನಡುವಿನಲ್ಲಿ ಸಡಿಲ ಇದೆಯಾ, ಸ್ಪ್ರಿಂಗ್ ನಡುವನ್ನು ದಾಟುವಾಗ ಟಕ್ ಅಂತ ತಡೆಯುತ್ತಾ, ಇವೇ ಮುಖ್ಯ. ಗುರಿ ಹಿಡಿಯುವ ಸಣ್ಣ ತಿದ್ದುಪಡಿ ನಡೆಯೋದೆಲ್ಲ ನಡುವಿನ ಎರಡು ಮೂರು ಡಿಗ್ರಿಯಲ್ಲಿ.

ಕರ್ವ್, ಅಂದರೆ ನಡುವಿನಲ್ಲಿ ಸ್ಟಿಕ್ಕಿನ ಪರಿಣಾಮವನ್ನು ಮೆದುವಾಗಿಸುವ ಹೊಂದಿಕೆ, ಹಾಕೋದಾದರೆ ಪಿಚ್ ಮತ್ತು ಯಾಗೆ ಸಾಕು, ಅರ್ಧ ಬಾಗಿಸಿದಾಗ ಮೂರನೇ ಒಂದು ಭಾಗ ಬರುವಷ್ಟು. ಸ್ಟಿಕ್ಕಿನ ತಂತ್ರಾಂಶದಲ್ಲೂ ಹಾಕಿ ಆಟದಲ್ಲೂ ಹಾಕಿದರೆ ಒಂದರ ಮೇಲೊಂದು ಕೂತು ನಡುಭಾಗ ಸತ್ತಂತಾಗುತ್ತೆ, ಎಲ್ಲಾದರೂ ಒಂದೇ ಕಡೆ. ಹಿಮ್ಮುಖವೂ ಇರುವಂತೆ ಥ್ರಾಟಲ್ ಹೊಂದಿಸಿಕೊಂಡು, ನಡುವಿನಲ್ಲಿ ಬೆರಳಿಗೆ ತಿಳಿಯುವ ತಡೆ ಇಲ್ಲದಿದ್ದರೆ, ಅಲ್ಲಿ 5% ಡೆಡ್‌ಝೋನ್ ಇಡಲೇಬೇಕು. ಇಲ್ಲವಾದರೆ ನಿಂತೆ ಅಂದುಕೊಂಡ ನೌಕೆ ಇಷ್ಟಿಷ್ಟೇ ತೆವಳುತ್ತಿರುತ್ತೆ.

ಮೇಜಿನ ಮೇಲೆ ಇಟ್ಟು ಆಡುವಾಗ ಭುಜ ಮೇಲಕ್ಕೆ ಬಂದರೆ ಅರ್ಧ ಗಂಟೆಯಲ್ಲಿ ಕತ್ತು ಹಿಡಿಯುತ್ತೆ. ಮೊಣಕೈ ಲಂಬಕೋನದಲ್ಲಿರುವಾಗ ಅಂಗೈ ಎಲ್ಲಿ ಬರುತ್ತೋ ಹಿಡಿ ಅಲ್ಲಿರಬೇಕು, ಅಂದರೆ ಬುಡ ಕುರ್ಚಿಯ ಕೈಗಿಂತ ಕೆಳಗೆ. ಮೇಜಿನಂಚಿಗೆ ಬಿಗಿಯುವ ಕ್ಲ್ಯಾಂಪ್ ಅದಕ್ಕೇ ಇರೋದು. ಗಡುಸು ಸ್ಪ್ರಿಂಗ್ ಹಾಕಿದರೆ ಹಗುರ ಬುಡ ಸ್ಟಿಕ್ಕಿನ ಜೊತೆಯೇ ಎದ್ದು ಬರುತ್ತೆ, ಆಗಂತೂ ಕ್ಲ್ಯಾಂಪ್ ಬೇಕೇ ಬೇಕು.

ತಮ್ಮನ ಉತ್ತರ ಈಗ ಬಂತು. ‘ಎರಡು ಸ್ಟಿಕ್ಕೇ ತಗೋತೀನಿ ಅಣ್ಣ, ಎರಡೂ ಒಂದೇ ಮಾಡೆಲ್.’

ಒಂದೇ ಮಾಡೆಲ್ ಆದರೆ ಆಟಕ್ಕೆ ಅವು ಗುರುತಾಗೋದು ಒಂದನೆಯದು, ಎರಡನೆಯದು ಅನ್ನೋ ಸರದಿಯಿಂದ ಮಾತ್ರ. ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ, ಕೆಲವೊಮ್ಮೆ ಕಂಪ್ಯೂಟರ್ ಮತ್ತೆ ಶುರುವಾದರೂ ಸಾಕು, ಒಂದು ಎರಡಾಗುತ್ತೆ, ಎರಡು ಒಂದಾಗುತ್ತೆ. ಸ್ಟಾರ್ ಸಿಟಿಜನ್‌ನಲ್ಲಿ ಆದೇಶ ಟೈಪ್ ಮಾಡುವ ಕನ್ಸೋಲ್ ಕಿಟಕಿಯಲ್ಲಿ ಕ್ರಮ ಅದಲುಬದಲು ಮಾಡುವ ಆದೇಶವಿದೆ. ಎಲೀಟ್‌ನಲ್ಲಿ, ಆಟ ತೆರೆಯುವಾಗ ಒಂದು ಸ್ಟಿಕ್ ಚುಚ್ಚಿರದಿದ್ದರೆ ನಾವು ಕಟ್ಟಿಟ್ಟ ಹೊಂದಿಕೆಯೇ ಬರದೆ ಹೋಗಬಹುದು. ಹಾಗಾಗಿ ಮೊದಲು ಎಲ್ಲ ಚುಚ್ಚಿ, ಆಮೇಲೆ ಆಟ. ಆ ಹೊಂದಿಕೆ ಉಳಿಯುವ ಬೈಂಡಿಂಗ್ಸ್ ಫೋಲ್ಡರ್‌ನ ಒಂದು ನಕಲನ್ನು ಬೇರೆ ಕಡೆ ಇಟ್ಟಿರಬೇಕು. ಸ್ವಂತ ವಿದ್ಯುತ್ ಇರುವ ಹಬ್ ಬೇಕು, ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ವಿದ್ಯುತ್ ಉಳಿಸುವ ಟಿಕ್ ತೆಗೆಯಬೇಕು. ಇಷ್ಟನ್ನೂ ಟೈಪ್ ಮಾಡಿದರೆ ಅವನು ಓದೋದು ಮೊದಲ ಸಾಲು ಮಾತ್ರ, ಬೆಳಗ್ಗೆ ಫೋನೇ ಮಾಡೋದು.

ರೋಲ್ ಎಲ್ಲಿ, ಯಾ ಎಲ್ಲಿ ಅಂತ ಇನ್ನೂ ಕೇಳಿಲ್ಲ. ಎಲೀಟ್‌ನಲ್ಲಿ ಯಾ ನಿಧಾನ, ಹೊರಳಿ ಮೂತಿ ಎತ್ತೋದೇ ಬೇಗ. ಹಾಗಾಗಿ ಸ್ಟಿಕ್ಕಿನ ಎಡಬಲಕ್ಕೆ ರೋಲ್, ಟ್ವಿಸ್ಟ್‌ಗೆ ಯಾ. ಸ್ಟಾರ್ ಸಿಟಿಜನ್‌ನಲ್ಲಿ ಅದನ್ನೇ ತಿರುಗಿಸಿ ಹಾಕುವವರು ಬಹಳ. ಎರಡು ಆಟಕ್ಕೆ ಎರಡು ರೂಢಿ ಇಟ್ಟುಕೊಂಡರೆ ಕೈ ತಬ್ಬಿಬ್ಬಾಗುತ್ತೆ, ಒಂದನ್ನೇ ಎರಡರಲ್ಲೂ ಇಡೋದು ವಾಸಿ. ಟ್ವಿಸ್ಟನ್ನೇ ಬಿಟ್ಟು ಪೆಡಲ್ ತಂದರೆ ಯಾ ಕಾಲಿಗೆ ಹೋಗುತ್ತೆ, ಸ್ಟಿಕ್ಕಿನ ಟ್ವಿಸ್ಟ್ ಸವೆಯುವ ಚಿಂತೆಯೂ ಕಡಿಮೆ. ಹಲವು ಪೆಡಲ್‌ಗಳಲ್ಲಿ ಕಾಲ್ಬೆರಳಿನ ಬ್ರೇಕ್ ಎರಡಿರುತ್ತವೆ, ಅವನ್ನು ಜಾಯ್‌ಸ್ಟಿಕ್ ಗ್ರೆಮ್ಲಿನ್ ಅನ್ನೋ ತಂತ್ರಾಂಶದಲ್ಲಿ ಸೇರಿಸಿ ಒಂದು ಆಕ್ಸಿಸ್ ಮಾಡಿದರೆ ಬಲಗಾಲು ಮುಂದೆ, ಎಡಗಾಲು ಹಿಂದೆ. ಕಾಲಿನ ಭಾರ ಯಾವಾಗಲೂ ಅದರ ಮೇಲೇ ಇರೋದರಿಂದ ಮೊದಲ 10% ಬಿಟ್ಟುಬಿಡಬೇಕು. ಆಗ ಎಡ ಸ್ಟಿಕ್ಕಿನ ಹಿಂದೆಮುಂದೆ ಖಾಲಿ, ಮೇಲೆಕೆಳಗು ಅಲ್ಲಿಗೆ ಬಂದರೆ ಹೆಬ್ಬೆರಳಿನ ಕೋಲೂ ಖಾಲಿ, ಅದನ್ನು ತಲೆ ತಿರುಗಿಸಿ ನೋಡೋದಕ್ಕೆ ಕೊಟ್ಟರೆ…