ಮಳೆಗಾಲದ ಬೆಂಡೆ ನೋಡಿ ತಳಿಗೆ ಪಾಸ್ ಮಾರ್ಕ್ ಕೊಡ್ಬೇಡಿ

ಉಡುಪಿ ಕಡೆ ಬೆಂಡೆ ತಳಿಗಳ ಟ್ರಯಲ್ ನೋಡ್ಕೊಳ್ಳುವ ಕೆಲಸ ನಂದು. ಹೊಸದಾಗಿ ಈ ಲೈನಿಗೆ ಬರುವ ಹುಡುಗರಿಗೆ ನಾನು ಮೊದ್ಲು ಹೇಳುದೇ ಇದು, ಜುಲೈಯಲ್ಲಿ ಗಿಡ ಹಸಿರಾಗುಂಟು ಅಂತ ರಿಪೋರ್ಟಲ್ಲಿ "ರೋಗ ನಿರೋಧಕ" ಅಂತ ಬರೀಬೇಡಿ ಮಾರಾಯ್ರೆ. ಬೆಂಡೆಗೆ ಬರುವ ದೊಡ್ಡ ವೈರಸ್ ರೋಗ ಹಳದಿ ನಂಜು, ಅದು ಹರಡುದು ಬಿಳಿ ನೊಣದಿಂದ, ನಮ್ಮ ಕರಾವಳಿಯ ಜಡಿಮಳೆಗೆ ಆ ನೊಣ ಎಲ್ಲಿ ನಿಲ್ತದೆ? ಅಷ್ಟಮಿ ಹೊತ್ತಿಗೆ ಮಾರ್ಕೆಟಿಗೆ ಬರುವ ಬೆಂಡೆ ಎಲ್ಲ ನೋಡ್ಲಿಕ್ಕೆ ಚಂದವೇ. ಅದೇ ಬೀಜವನ್ನ ಫೆಬ್ರವರಿಯಲ್ಲಿ ಹಾಕಿ ನೋಡಿ, ಮೊದ್ಲು ಎಳೆ ಎಲೆಯ ನರ ಮಾತ್ರ ಹಳದಿ ಬಲೆ ಹಾಗೆ ಕಾಣ್ತದೆ, ಆಮೇಲೆ ಎಲೆ ಪೂರ್ತಿ ಹಳದಿ, ಕೊನೆಗೆ ಕಾಯಿಯೂ ಬಿಳಿಚಿ ಗಿಡ್ಡಗಾಗಿ ಯಾರಿಗೂ ಬೇಡ.

ಹಾಗಾಗಿ ಟ್ರಯಲ್ ಬೇಸಿಗೆಯಲ್ಲೇ ಆಗ್ಬೇಕು, ನಡುನಡುವೆ ಪೂಸಾ ಸಾವನಿ ಸಾಲು ಇರ್ಲೇಬೇಕು. ಒಂದು ಕಾಲಕ್ಕೆ ಈ ನಂಜು ತಡೀತದೆ ಅಂತಲೇ ಬಂದ ತಳಿ ಅದು, ಈಗ ಎಲ್ಲಕ್ಕಿಂತ ಮೊದ್ಲು ಹಳದಿ ಆಗುದು ಅದೇ, ನಮಗೆ ಬೇಕಾದ್ದೂ ಅದಕ್ಕೇ. ಅದು ಹಳದಿ ಆದ್ರೆ ಮಾತ್ರ ನಂಜು ಅಲ್ಲಿಗೆ ಬಂದಿದೆ ಅಂತ ಗೊತ್ತಾಗುದು, ಸಾವನಿ ಪೂರ್ತಿ ಹಳದಿ ಆಗದೆ ಪಕ್ಕದ ಸಾಲಿಗೆ ನಾನು ಮಾರ್ಕ್ ಹಾಕುದಿಲ್ಲ. ನೊಣಕ್ಕೆ ಮದ್ದು ಬಿಡುವ ಹಾಗೂ ಇಲ್ಲ. ತೋಟದ ಅಣ್ಣನಿಗೆ ಗಿಡ ನೋಡಿ ಪಾಪ ಅನ್ನಿಸಿ ಪಂಪು ಹಿಡ್ಕೊಂಡು ಹೊರಡ್ತಾರೆ, ಅವರನ್ನ ತಡೀಲಿಕ್ಕೇ ಒಂದು ಜನ ಬೇಕು.

ಇನ್ನು ನಿಜವಾಗಿ ತಡೆಯುವ ಗುಣ ಎಲ್ಲಿಂದ ಬಂತು ಕೇಳಿದ್ರೆ ಕಾಡು ಬೆಂಡೆಯಿಂದ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ಅನಾಮಿಕಾ, ಅರ್ಕಾ ಅಭಯ್ ತಳಿ ಎರಡೂ ಟೆಟ್ರಾಫಿಲ್ಲಸ್ ಅನ್ನುವ ಕಾಡು ಜಾತಿಯ ಜೊತೆ ಕ್ರಾಸ್ ಮಾಡಿ ತೆಗ್ದದ್ದು, ಪರ್ಭಣಿ ಕ್ರಾಂತಿ ತಳಿಗೆ ಮ್ಯಾನಿಹಾಟ್ ಅನ್ನುವ ಇನ್ನೊಂದು ಜಾತಿ. ಹೇಳ್ಲಿಕ್ಕೆ ಸುಲಭ. ಹೂ ಬೆಳಿಗ್ಗೆ ಅರಳ್ತದೆ, ಹಾಗಾಗಿ ಹಿಂದಿನ ಸಂಜೆಯೇ ಮೊಗ್ಗು ಸೀಳಿ ಚಿಮಟದಲ್ಲಿ ಕೇಸರದ ಕೊಳವೆ ತೆಗೀಬೇಕು, ಶಲಾಕೆಗೆ, ಅಂದ್ರೆ ಹೂವಿನ ಹೆಣ್ಣು ಭಾಗಕ್ಕೆ, ಸ್ವಲ್ಪವೂ ತಾಗ್ಬಾರ್ದು, ಆಮೇಲೆ ಬಟರ್ ಪೇಪರ್ ಚೀಲ ಕಟ್ಟಿ ಮರುದಿನ ಬೆಳಿಗ್ಗೆ ಕಾಡಿನದ್ದರ ಪರಾಗ ಮುಟ್ಟಿಸುದು. ಇಷ್ಟು ಮಾಡಿಯೂ ಮೊದಲ ತಲೆಮಾರಿನ ಗಿಡ ನೋಡ್ಲಿಕ್ಕೆ ರಾಕ್ಷಸ, ಬೀಜ ಮಾತ್ರ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಮತ್ತೆ ಮತ್ತೆ ಊರ ಬೆಂಡೆಗೇ ಕ್ರಾಸ್ ಮಾಡ್ತಾ ಹೋಗ್ಬೇಕು, ಒಂದೊಂದು ಸಲ ಕ್ರಾಸ್ ಆದ ಹಾಗೆ ಕಾಯಿ ಚಂದ ಆಗ್ತದೆ, ಆದ್ರೆ ನಂಜು ತಡೆಯುವ ಗುಣವೂ ಕೈಜಾರ್ಲಿಕ್ಕೆ ನೋಡ್ತದೆ, ಅದಕ್ಕೇ ಪ್ರತಿ ತಲೆಮಾರನ್ನೂ ಸಾವನಿ ಪಕ್ಕ ಬೇಸಿಗೆಯಲ್ಲಿ ನಿಲ್ಲಿಸ್ಲೇಬೇಕು.

ಸೂರ್ಯಕಾಂತಿಯವರ ಪಾಡೂ ಇದೇ. 1997ರಲ್ಲಿ ಬಾಗೇಪಲ್ಲಿ ಕಡೆ ನೆಕ್ರೋಸಿಸ್ ಅನ್ನುವ, ಗಿಡವನ್ನೇ ಒಣಗಿಸುವ ವೈರಸ್ ರೋಗ ಕಾಣಿಸ್ಕೊಂಡ ಮೇಲೆ ಅವ್ರೂ ಕಾಡು ಸೂರ್ಯಕಾಂತಿಗಳನ್ನ ತಂದು ಪರೀಕ್ಷೆ ಮಾಡ್ಬೇಕಾಯ್ತು. ಅಲ್ಲಿ ನೊಣದ ಬದ್ಲು ರೋಗ ಹರಡುದು ಥ್ರಿಪ್ಸ್ ಅನ್ನುವ ಸಣ್ಣ ಕೀಟ, ಅದಕ್ಕೆ ಜೊತೆಯಾಗಿ ವೈರಸ್ ಹೊತ್ತ ಪಾರ್ಥೇನಿಯಂ ಕಳೆಯ ಪರಾಗ.

ಹಾಗಂತ ಒಮ್ಮೆ ಗೆದ್ರೆ ಮುಗೀಲಿಲ್ಲ, ಅನಾಮಿಕಾವೂ ಈಗ ಹಲವು ಕಡೆ ಹಳದಿ ಆಗ್ತದೆ. ಮತ್ತೆ ಕಾಡು ಬೆಂಡೆಯೇ ಗತಿ. ಈ ಬೇಸಿಗೆಗೆ ನಮ್ಮಲ್ಲಿ ಹೊಸ ಸಾಲು ಕೆಲವು ಉಂಟು, ಎಲೆ ಇನ್ನೂ ಹಸಿರೇ, ಕಾಯಿ ಮಾತ್ರ ಗ್ಲೌಸ್ ಹಾಕದೆ ಕೊಯ್ಲಿಕ್ಕೆ ಆಗುದಿಲ್ಲ, ಆ ರೀತಿ ಚುಚ್ತದೆ.