ಫ್ಯಾನ್ ಮಾತ್ರ ನಿಲ್ಲಲಿಲ್ಲ

ಮಾರ್ಚ್ 2, 2025, ಭಾನುವಾರ

ಮನೆಯ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗಿದ್ದು ಈ ವಾರದಲ್ಲಿ ಇದು ನಾಲ್ಕನೇ ಸಲ. ತಂಗಿ ಪ್ರಾಜೆಕ್ಟ್ ವರದಿ ಟೈಪ್ ಮಾಡುತ್ತಿದ್ದಳು. ಪಕ್ಕದ ಕೋಣೆಯಿಂದ "ಅಣ್ಣಾ, ಮತ್ತೆ ಹೋಯ್ತು" ಅಂದಳು. ಓಡಿ ಹೋಗಿ ನೋಡುವಷ್ಟರಲ್ಲಿ ಪರದೆ ಮೇಲೆ ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಕಂಪನಿಯ ಗುರುತು ಬಂದಿತ್ತು. ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ ಇಲ್ಲ, ಎಚ್ಚರಿಕೆ ಇಲ್ಲ, ಏನೂ ಇಲ್ಲ. ಎರಡು ಪುಟ ಹೋಗಿತ್ತು. ಅವಳು ಜೋರಾಗಿ ಏನೂ ಹೇಳಲಿಲ್ಲ, ಸುಮ್ನೆ ಕೂತುಬಿಟ್ಟಳು. ಅದು ನನಗೆ ಜಾಸ್ತಿ ನೋವಾಯಿತು.

ಈ ಡೆಸ್ಕ್‌ಟಾಪ್ ನಾನೇ ಜೋಡಿಸಿದ್ದು, ಆರು ವರ್ಷದ ಹಿಂದೆ. ಹಾಗಾಗಿ ಕಾರಣ ಹುಡುಕುವ ಕೆಲಸವೂ ನನ್ನದೇ.

ಮೊದಲು ಮಾಡಿದ ಕೆಲಸ ವರ್ಡ್‌ನ ಆಟೋರಿಕವರ್ (ಬರೆದದ್ದನ್ನು ತಾನೇ ಉಳಿಸಿಡುವ ವ್ಯವಸ್ಥೆ) ಸಮಯ ಬದಲಿಸಿದ್ದು. ಅದು ತಾನಾಗಿಯೇ 10 ನಿಮಿಷಕ್ಕೆ ಇರುತ್ತದೆ, 1 ನಿಮಿಷಕ್ಕೆ ಇಳಿಸಿದೆ. ಆಮೇಲೆ ಒಂದು ಹಳೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟೆ. ರೀಸ್ಟಾರ್ಟ್ ಆದಾಗಲೆಲ್ಲ ಸಮಯ, ಏನು ತೆರೆದಿತ್ತು, ಯಾರು ಕೂತಿದ್ದರು, ಏನು ಕಂಡಿತು, ಏನು ಕೇಳಿಸಿತು ಅಂತ ಬರೆಯಬೇಕು. ಈ ವಾರದ ನಾಲ್ಕೂ ರೀಸ್ಟಾರ್ಟ್‌ಗಳನ್ನು ನೆನಪಿರುವಷ್ಟು ಬರೆದಿಟ್ಟೆವು. ಇನ್ನು ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ. ಒಟ್ಟಿಗೆ ಮೂರು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗೋದೇ ಇಲ್ಲ.

ಮಾರ್ಚ್ 4, ಮಂಗಳವಾರ

ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿದೆ. ಪ್ರತಿ ಸಲವೂ ಅದೇ ಸಾಲು: ಕರ್ನಲ್-ಪವರ್, ಈವೆಂಟ್ ಐಡಿ 41. ವಿವರಕ್ಕೆ ಹೋದರೆ ಬಗ್‌ಚೆಕ್ ಕೋಡ್ (ವಿಂಡೋಸ್ ಕುಸಿದ ಕಾರಣದ ಸಂಖ್ಯೆ) 0.

ಈ 41 ನೋಡಿದ ತಕ್ಷಣ "ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಒದಗಿಸುವ ಪೆಟ್ಟಿಗೆ) ಹೋಗಿದೆ" ಅಂತ ತೀರ್ಮಾನಿಸುವವರು ತುಂಬಾ ಜನ. ಹೆಸರಿನಲ್ಲೇ ಪವರ್ ಇದೆ, ಅಲ್ವಾ. ಆದರೆ ಇದು ಬರೆಯಲ್ಪಡುವುದು ಯಂತ್ರ ಮತ್ತೆ ಎದ್ದ ಮೇಲೆ. "ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ" ಅನ್ನುವುದಷ್ಟೇ ಅದರ ಅರ್ಥ. ಯಾಕೆ ಅಂತ ಅದಕ್ಕೂ ಗೊತ್ತಿಲ್ಲ. ನನ್ನ ಪಾಲಿಗೆ ಉಪಯೋಗಕ್ಕೆ ಬಂದದ್ದು ಆ 0. ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ) ಕೆಟ್ಟು ವಿಂಡೋಸ್ ತಾನೇ ಕುಸಿದಿದ್ದರೆ ಸಾಮಾನ್ಯವಾಗಿ ಅಲ್ಲೊಂದು ಕೋಡ್ ಇರುತ್ತದೆ, ಕುಸಿತದ ವಿವರ ಉಳಿಯುವ ಮಿನಿಡಂಪ್ ಫೋಲ್ಡರ್‌ನಲ್ಲಿ ಫೈಲೂ ಇರುತ್ತದೆ. ಇಲ್ಲಿ ಎರಡೂ ಇಲ್ಲ. ಏನಾಯಿತು ಅಂತ ಬರೆದಿಡಲು ವಿಂಡೋಸ್‌ಗೆ ಸಮಯವೇ ಸಿಕ್ಕಿಲ್ಲ.

ಮಾರ್ಚ್ 5, ಬುಧವಾರ

ಸ್ಟಾರ್ಟಪ್ ಅಂಡ್ ರಿಕವರಿ ಸೆಟ್ಟಿಂಗ್‌ನಲ್ಲಿ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಟಿಕ್ ತೆಗೆದೆ. ಇನ್ನು ನೀಲಿ ಪರದೆ ಬಂದರೆ ಅಲ್ಲೇ ನಿಲ್ಲಬೇಕು. ಸಂಜೆ 7:20ಕ್ಕೆ ಮತ್ತೆ ರೀಸ್ಟಾರ್ಟ್ ಆಯಿತು, ನೀಲಿ ಪರದೆ ಬರಲಿಲ್ಲ.

ಬಿಸಿಯನ್ನೂ ನೋಡಿದೆ. ಅರ್ಧ ಗಂಟೆ ಪೂರ್ತಿ ಲೋಡ್ ಕೊಟ್ಟರೂ ಪ್ರೊಸೆಸರ್ 71 ಡಿಗ್ರಿ ದಾಟಲಿಲ್ಲ. ಇವತ್ತಿನ ಪ್ರೊಸೆಸರ್‌ಗಳು ಬಿಸಿ ಜಾಸ್ತಿಯಾದರೆ ಮೊದಲು ವೇಗ ಇಳಿಸಿಕೊಳ್ಳುತ್ತವೆ, ಅದೂ ಸಾಲದಿದ್ದರೆ ಮಾತ್ರ ಆಫ್ ಆಗುತ್ತವೆ. ಇಲ್ಲಿ ಆ ಲಕ್ಷಣ ಇಲ್ಲ. ಧೂಳು ಹೊಡೆದೆ, ಅಷ್ಟೇ.

ಮಾರ್ಚ್ 8, ಶನಿವಾರ

ಇವತ್ತು ರ್ಯಾಮ್, ಅಂದರೆ ಮೆಮೊರಿಯ ಸರದಿ. ಕರೆಂಟ್ ವಯರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಒಳಗೆ ಉಳಿದಿದ್ದನ್ನು ಖಾಲಿ ಮಾಡಿ, ಕ್ಯಾಬಿನೆಟ್‌ನ (ಹೊರಗಿನ ಪೆಟ್ಟಿಗೆಯ) ಲೋಹ ಮುಟ್ಟಿ, ಆಮೇಲೆ ಕೈ ಹಾಕಿದೆ. ಎರಡೂ ರ್ಯಾಮ್ ತೆಗೆದು ಮತ್ತೆ ಕ್ಲಿಕ್ ಅನ್ನುವವರೆಗೆ ಕೂರಿಸಿದೆ. ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್) ಎಕ್ಸ್‌ಎಂಪಿ ಆಫ್ ಮಾಡಿದೆ. ಅದು ಆನ್ ಇದ್ದರೆ ರ್ಯಾಮ್ ಮೂಲ ವೇಗಕ್ಕಿಂತ ಜೋರಾಗಿ ಓಡುತ್ತದೆ, ಕೆಲವು ಸಲ ಅಷ್ಟೇ ಸಾಕು ಯಂತ್ರ ಕೈಕೊಡಲು.

ಪೆನ್‌ಡ್ರೈವ್‌ನಿಂದ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಶುರು ಮಾಡಿದೆ. ಇದರ ದೊಡ್ಡ ಗುಣ ಅಂದರೆ ಇದಕ್ಕೆ ವಿಂಡೋಸ್ ಬೇಕಿಲ್ಲ, ಹಾರ್ಡ್ ಡಿಸ್ಕ್ ಕೂಡ ಬೇಕಿಲ್ಲ. ಕಂಪ್ಯೂಟರ್ ಪರೀಕ್ಷೆಗೆ ಹೋಯಿತಲ್ಲ ಅಂತ ತಂಗಿ ಅದೇ ಮೇಜಿನ ಮುಂದೆ ಕೂತು ಕೈಯಲ್ಲೇ ಬರೆಯತೊಡಗಿದಳು. ಎರಡನೇ ಪಾಸ್ (ಪರೀಕ್ಷೆಯ ಸುತ್ತು) ನಡೆಯುತ್ತಿದ್ದಾಗ, ಸಂಜೆ 7:10ಕ್ಕೆ, ಪರದೆ ಕಪ್ಪಾಗಿ ರೀಸ್ಟಾರ್ಟ್ ಆಯಿತು. ಅಲ್ಲಿಯವರೆಗೆ ತಪ್ಪುಗಳ ಲೆಕ್ಕ ಸೊನ್ನೆ.

ನನಗೆ ಬೇಜಾರಿಗಿಂತ ಸಮಾಧಾನವೇ ಜಾಸ್ತಿ ಆಯಿತು. ವಿಂಡೋಸ್ ಇಲ್ಲದಾಗಲೂ ಹೀಗಾಗುತ್ತದೆ ಅಂದರೆ ಡ್ರೈವರ್, ವೈರಸ್, ಅಪ್‌ಡೇಟ್ ಎಲ್ಲವನ್ನೂ ಒಂದೇ ಏಟಿಗೆ ಪಟ್ಟಿಯಿಂದ ಹೊಡೆದುಹಾಕಬಹುದು. ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡುವ ಒಂದು ದಿನದ ಕೆಲಸ ಉಳಿಯಿತು.

ರಾತ್ರಿ ಪರೀಕ್ಷೆಯನ್ನು ಮತ್ತೆ ಓಡಲು ಬಿಟ್ಟು ಮಲಗಿದೆ.

ಮಾರ್ಚ್ 9, ಭಾನುವಾರ

ಬೆಳಗ್ಗೆ ನಾಲ್ಕೂ ಪಾಸ್ ಮುಗಿದಿತ್ತು. ಒಂದೂ ತಪ್ಪಿಲ್ಲ. ರ್ಯಾಮ್ ನಿರ್ದೋಷಿ ಅಂತ ಬರೆದುಕೊಂಡೆ. ಎಕ್ಸ್‌ಎಂಪಿ ಆಫ್ ಇದ್ದಾಗಲೇ ನಿನ್ನೆ ಸಂಜೆ ಕೈಕೊಟ್ಟಿದ್ದರಿಂದ ಅದನ್ನೂ ಬಿಟ್ಟೆ.

ಮಲ್ಟಿಮೀಟರ್ ತಂದು ಎಸ್‌ಎಂಪಿಎಸ್ ನೋಡಿದೆ. ಹಳದಿ ವಯರ್ 12 ವೋಲ್ಟ್, ಕೆಂಪು 5, ಕಿತ್ತಳೆ 3.3. ಹನ್ನೆರಡರ ಸಾಲು 11.4ರಿಂದ 12.6ರ ಒಳಗಿರಬೇಕು. ನನ್ನದು ಸುಮ್ಮನಿದ್ದಾಗ 12.08, ಲೋಡ್ ಕೊಟ್ಟಾಗ 11.97. ಚೆನ್ನಾಗೇ ಇದೆ. ಆದರೆ ಇದನ್ನು ಪೂರ್ತಿ ನಂಬುವಂತಿಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ವೋಲ್ಟೇಜ್ ಕುಸಿದರೆ ಮಲ್ಟಿಮೀಟರ್ ಅದನ್ನು ಹಿಡಿಯುವುದಿಲ್ಲ, ಮದರ್‌ಬೋರ್ಡ್ ಹಿಡಿಯುತ್ತದೆ. ಎಸ್‌ಎಂಪಿಎಸ್‌ನಿಂದ ಬೂದು ಬಣ್ಣದ ಒಂದು ವಯರ್ ಹೋಗುತ್ತದೆ. "ಎಲ್ಲ ವೋಲ್ಟೇಜ್ ಸರಿ ಇದೆ" ಅಂತ ಮದರ್‌ಬೋರ್ಡ್‌ಗೆ ಹೇಳುವುದು ಅದರ ಕೆಲಸ. ಆ ಸೂಚನೆ ತಪ್ಪಿದರೆ ಎಲ್ಲ ಮೊದಲಿನಿಂದ ಶುರು.

ಹಾಗಾಗಿ ಗೆಳೆಯನ ಎಸ್‌ಎಂಪಿಎಸ್ ಕೇಳಿ ತಂದೆ. "ಅದರ ಕೇಬಲ್‌ಗಳನ್ನೂ ತಗೊಂಡು ಹೋಗು, ನಿನ್ನವನ್ನು ಅದಕ್ಕೆ ಹಾಕಬೇಡ" ಅಂದ. ಸರಿಯಾದ ಮಾತು. ಬಿಚ್ಚಿ ಹಾಕುವ ಕೇಬಲ್‌ಗಳಲ್ಲಿ ಎಸ್‌ಎಂಪಿಎಸ್ ಕಡೆಯ ತುದಿ ಒಂದೊಂದು ಮಾದರಿಗೆ ಒಂದೊಂದು ಥರ ಇರುತ್ತದೆ. ಪ್ಲಗ್ ಕೂತರೂ ಒಳಗಿನ ವಯರ್ ಬೇರೆ ಇದ್ದು ಡಿಸ್ಕ್ ಸುಟ್ಟುಹೋಗಬಹುದು. ನನ್ನ ಹಳೆಯದನ್ನು ಬಿಚ್ಚಿ ನೋಡುವ ಆಸೆ ಬಂದರೂ ಬಿಚ್ಚಲಿಲ್ಲ. ವಯರ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಮಾರ್ಚ್ 11, ಮಂಗಳವಾರ

ಗೆಳೆಯನ ಎಸ್‌ಎಂಪಿಎಸ್‌ನಲ್ಲೂ ಆಯಿತು. ಸಂಜೆ 6:35.

ಆದರೆ ಈ ಸಲ ನಾನು ಪಕ್ಕದಲ್ಲೇ ಇದ್ದೆ, ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆರೆದೇ ಇತ್ತು. ಪರದೆ ಕಪ್ಪಾದ ಕ್ಷಣದಲ್ಲಿ ನನ್ನ ಕಣ್ಣು ಫ್ಯಾನ್ ಮೇಲಿತ್ತು. ಫ್ಯಾನ್ ನಿಲ್ಲಲಿಲ್ಲ. ನಿಧಾನವೂ ಆಗಲಿಲ್ಲ. ಒಳಗಿನ ದೀಪ ಆರಲಿಲ್ಲ. ಬೀಪ್ ಅಂದಿತು, ಮತ್ತೆ ಶುರುವಾಯಿತು. ಕರೆಂಟ್ ಹೋಗಿ ಬಂದಿದ್ದರೆ ಇಷ್ಟು ಸಲೀಸಾಗಿ ಇರುತ್ತಿರಲಿಲ್ಲ. ಯಾರೋ ರೀಸೆಟ್ ಒತ್ತಿದ ಹಾಗಿತ್ತು.

ನೋಟ್‌ಬುಕ್‌ನಲ್ಲಿ "ರೀಸೆಟ್ ಒತ್ತಿದ ಹಾಗೆ" ಅಂತ ಬರೆದೂ ನನಗೆ ಹೊಳೆಯಲಿಲ್ಲ. ಮದರ್‌ಬೋರ್ಡ್ ಬದಲಿಸಬೇಕೇನೋ ಅಂತ ಲೆಕ್ಕ ಹಾಕುತ್ತಾ ಮಲಗಿದೆ.

ಮಾರ್ಚ್ 13, ಗುರುವಾರ

ಸಂಜೆ ನೋಟ್‌ಬುಕ್ ಹಿಡಿದು ಕೂತೆ. ಅಷ್ಟು ಹೊತ್ತಿಗೆ ಒಟ್ಟು 9 ಸಲ. ಏನು ತೆರೆದಿತ್ತು ಅನ್ನುವ ಕಾಲಮ್‌ನಲ್ಲಿ ಯಾವ ಹೊಂದಿಕೆಯೂ ಇಲ್ಲ: ವರ್ಡ್, ಬ್ರೌಸರ್, ಮೆಮ್‌ಟೆಸ್ಟ್. ಯಾರು ಕೂತಿದ್ದರು ಅನ್ನುವುದನ್ನು ಬೆರಳಿಟ್ಟು ಓದಿದೆ. ತಂಗಿ, ತಂಗಿ, ತಂಗಿ. 9ರಲ್ಲಿ 8 ಸಲ ಅವಳೇ. ರಾತ್ರಿಯಿಡೀ ಓಡಿದಾಗ ಯಾರೂ ಕೂತಿರಲಿಲ್ಲ, ಏನೂ ಆಗಲಿಲ್ಲ. ಸಂಜೆ ಮೆಮ್‌ಟೆಸ್ಟ್ ಓಡುವಾಗ ಅವಳು ಕೀಬೋರ್ಡ್ ಮುಟ್ಟಿರಲಿಲ್ಲ, ಆದರೆ ಅಲ್ಲೇ ಕೂತಿದ್ದಳು!

ಅವಳನ್ನು ಕರೆದು "ನೀನು ಯಾವಾಗಲೂ ಕೂರುವ ಹಾಗೆ ಕೂತ್ಕೋ" ಅಂದೆ. ಕುರ್ಚಿ ಎಳೆದು ಎಡಗಾಲು ಮಡಚಿ ಕೂತಳು. ಮೊಣಕಾಲು ಹೋಗಿ ಕ್ಯಾಬಿನೆಟ್‌ನ ಮುಂಭಾಗಕ್ಕೆ ತಾಗಿತು. ಏನೂ ಆಗಲಿಲ್ಲ. ಸ್ವಲ್ಪ ಹೊರಳಿದಳು. ಪರದೆ ಕಪ್ಪಾಯಿತು.

ನೆಲದ ಮೇಲೆ ಕೂತು ಟಾರ್ಚ್ ಹಾಕಿ ನೋಡಿದೆ. ರೀಸೆಟ್ ಬಟನ್ ಅಂಗಿ ಗುಂಡಿಗಿಂತ ಚಿಕ್ಕದು. ಒಂದು ಬದಿ ಒಳಗೆ ಇಳಿದು ವಾರೆಯಾಗಿ ಕೂತಿತ್ತು. ಉಗುರಿನಿಂದ ಒತ್ತಿದರೆ ಒಳಗೆ ಹೋಗುತ್ತದೆ, ಪೂರ್ತಿ ವಾಪಸ್ ಬರುವುದಿಲ್ಲ. ಹಾಗೆ ಅರ್ಧ ಸಿಕ್ಕಿಕೊಂಡಿರುವಾಗ ಪಕ್ಕದ ಪ್ಲಾಸ್ಟಿಕ್ ಸ್ವಲ್ಪ ಒಳಗೆ ಹೋದರೂ ಸಾಕು. ಆ ಪ್ಲಾಸ್ಟಿಕ್ಕನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ. ಮೂರಕ್ಕೆ ಮೂರು ಸಲವೂ ರೀಸ್ಟಾರ್ಟ್.

ಈ ಬಟನ್‌ನಿಂದ ಎರಡು ತೆಳು ವಯರ್ ಹೊರಟು ಮದರ್‌ಬೋರ್ಡ್‌ನ ಕೆಳಮೂಲೆಯಲ್ಲಿ ಎರಡು ಪಿನ್‌ಗಳಿಗೆ ಹೋಗುತ್ತವೆ. ಆ ಪಿನ್‌ಗಳು ಒಂದಕ್ಕೊಂದು ಒಂದು ಕ್ಷಣ ಸೇರಿದರೆ ರೀಸೆಟ್, ಅಷ್ಟು ಸರಳ. ಯಂತ್ರ ಆಫ್ ಮಾಡಿ ಆ ಪಿನ್‌ಗಳಿಂದ ರೀಸೆಟ್ ವಯರ್‌ನ ಪ್ಲಗ್ ಕಿತ್ತೆ. ಅದರ ತುದಿಗೆ ಮಲ್ಟಿಮೀಟರ್ ಹಿಡಿದು ಕಂಟಿನ್ಯುಯಿಟಿಗೆ (ಎರಡು ವಯರ್ ಸೇರಿದರೆ ಬೀಪ್ ಅನ್ನುವ ಪರೀಕ್ಷೆ) ಇಟ್ಟೆ. ಮುಂಭಾಗವನ್ನು ಅಂಗೈಯಿಂದ ಒತ್ತಿದರೆ ಬೀಪ್, ಬಿಟ್ಟರೆ ಮೌನ. ಬಟನ್ ಮುಟ್ಟಿಯೇ ಇಲ್ಲ! ತಂಗಿ ತಾನೇ ನಾಲ್ಕೈದು ಸಲ ಒತ್ತಿ ಕೇಳಿದಳು. ಅವಳ ಮುಖ ನೋಡಬೇಕಿತ್ತು.

ರೀಸೆಟ್ ಪ್ಲಗ್ ಹೊರಗೇ ಬಿಟ್ಟು ಆನ್ ಮಾಡಿದೆವು. ಮುಂಭಾಗವನ್ನು ಇಪ್ಪತ್ತು ಸಲ ತಟ್ಟಿದೆ. ಏನೂ ಆಗಲಿಲ್ಲ.

ಮಾರ್ಚ್ 27, ಗುರುವಾರ

ಹದಿನಾಲ್ಕು ದಿನ, ಒಂದು ಸಲವೂ ಇಲ್ಲ. ನನ್ನ ಹಳೆಯ ಎಸ್‌ಎಂಪಿಎಸ್ ಮಾರ್ಚ್ 14ಕ್ಕೇ ವಾಪಸ್ ಹಾಕಿದ್ದೆ, 16ಕ್ಕೆ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿದೆ. ಎರಡರಿಂದಲೂ ತೊಂದರೆ ಬರಲಿಲ್ಲ. ತಂಗಿ ನಿನ್ನೆ ವರದಿ ಒಪ್ಪಿಸಿದಳು.

ಹೊಸ ಬಟನ್ ಹಾಕುವ ಯೋಚನೆ ಬಿಟ್ಟೆ. ರೀಸೆಟ್ ಪ್ಲಗ್‌ಗೆ ಟೇಪ್ ಸುತ್ತಿ ಕ್ಯಾಬಿನೆಟ್ ಒಳಗೆ ಬದಿಗೆ ಅಂಟಿಸಿದ್ದೇನೆ. ಯಂತ್ರ ಎಂದಾದರೂ ಪೂರ್ತಿ ಹೆಪ್ಪುಗಟ್ಟಿ ನಿಂತರೆ ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದರಾಯಿತು. ಕ್ಯಾಬಿನೆಟ್ ಮೇಜಿನ ಬಲಗಡೆಗೆ ಹೋಗಿದೆ.

ಗೆಳೆಯನ ಎಸ್‌ಎಂಪಿಎಸ್ ಇವತ್ತು ಕೊಟ್ಟು ಬಂದೆ, ಕೇಬಲ್ ಎಲ್ಲ ಎಣಿಸಿ. "ಕೊನೆಗೆ ಏನಾಗಿತ್ತೋ?" ಅಂದ. ಹೇಳಿದೆ. ಅವನು ಎದ್ದು ಹೋಗಿ ತನ್ನ ಕ್ಯಾಬಿನೆಟ್‌ನ ರೀಸೆಟ್ ಬಟನ್ ಮೇಲೆ ಬೆರಳಾಡಿಸಿ ನೋಡಿದ.