ತಣ್ಣೀರ್ಮುಕ್ಕಂ ಕಟ್ಟೆಯ ಆಚೆ ಈಚೆ

ಕೋಟ್ಟಯಂನಿಂದ ಕುಮರಗಂ ದಾಟಿ ವೆಚ್ಚೂರಿಗೆ ಹೋಗುವ ದಾರಿಯಲ್ಲಿ ಗದ್ದೆಗಳು ಪಕ್ಕದ ತೋಡಿನ ನೀರಿಗಿಂತ ತಗ್ಗಿನಲ್ಲಿರುವುದು ಕಣ್ಣಿಗೆ ಬೀಳುತ್ತದೆ. ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಕುಟ್ಟನಾಡಿನ ಈ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಕೃಷಿ ಪರಂಪರೆಯೆಂದು ಗುರುತಿಸಿತು. ಅಕ್ಟೋಬರ್ ಕೊನೆಯಲ್ಲಿ ನಾನು ಅಲ್ಲಿಗೆ ಹೋದದ್ದು ಮಾತ್ರ ಗದ್ದೆಗಾಗಿ ಅಲ್ಲ, ವೇಂಬನಾಡು ಹಿನ್ನೀರಿನಲ್ಲಿ ಆಟ್ಟುಕೊಂಜು ಎಂಬ ದೊಡ್ಡ ಹೊಳೆಸಿಗಡಿಯನ್ನು ಹಿಡಿಯುವವರ ಜೊತೆ ದೋಣಿಯಲ್ಲಿ ಕೂರುವುದಕ್ಕಾಗಿ. ಕಾಸರಗೋಡಿನವನಾದ್ದರಿಂದ ಮಲಯಾಳಂ ತೊಡಕಾಗಲಿಲ್ಲ. ತೆಂಕಣ ಸೀಮೆಯ ವೇಗದ ಮಾತಿಗೆ ಕಿವಿ ಹೊಂದಿಕೊಳ್ಳಲು ಮಾತ್ರ ಸ್ವಲ್ಪ ಹೊತ್ತು ಬೇಕಾಯಿತು.

ದೋಣಿಯ ಯಜಮಾನರು ಅರವತ್ತು ದಾಟಿದವರು. ಅಲ್ಲಿಯವರಂತೆ ನಾನೂ ಅವರನ್ನು ಚೇಟ್ಟಾ ಎಂದೇ ಕರೆದೆ. ಕೊಂಜು ಹಗಲಿನಲ್ಲಿ ಕಲ್ಲಿನ ಸಂದಿಯಲ್ಲೋ ಬೇರಿನ ಮರೆಯಲ್ಲೋ ಅಡಗಿದ್ದು ಕತ್ತಲಾದ ಮೇಲೆ ಮೇಯಲು ಹೊರಡುವುದರಿಂದ ನಾವೂ ಸಂಜೆಯ ನಂತರವೇ ಹೊರಟೆವು. ಬೀಸುಬಲೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಅವರು ಒಂದು ಬೊಗಸೆ ನೀರನ್ನು ಬಾಯಿಗೆ ಹಾಕಿ ಉಗುಳಿದರು. ಉಪ್ಪು ಎಲ್ಲಿಯವರೆಗೆ ಏರಿದೆಯೆಂಬುದು ಅವರಿಗೆ ಆ ಗುಟುಕಿನಲ್ಲೇ ತಿಳಿಯುತ್ತದೆ, ಅದು ತಿಳಿದರೆ ಮೊಟ್ಟೆ ಹೊತ್ತ ಹೆಣ್ಣುಗಳು ಎಲ್ಲಿ ಸೇರಿರಬಹುದೆಂಬ ಲೆಕ್ಕವೂ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಭರತದಲ್ಲಿ ಕೊಚ್ಚಿಯ ಅಳಿವೆಯಿಂದ ಉಪ್ಪುನೀರು ಹೆಚ್ಚು ಒಳಗೆ ಬರುತ್ತದೆ. ಘಟ್ಟದಲ್ಲಿ ಮಳೆ ಸುರಿದು ಪಂಪಾ, ಮೀನಚ್ಚಿಲ್ ಹೊಳೆಗಳು ಕೆಂಪಗೆ ತುಂಬಿ ಬಂದರೆ ಅದೇ ಉಪ್ಪು ಹಿಂದೆ ಸರಿಯುತ್ತದೆ. ಪಂಚಾಂಗ, ಮಳೆ, ನಾಲಗೆ ಈ ಮೂರನ್ನೂ ಒಟ್ಟಿಗೆ ಓದಬೇಕು, ಒಂದನ್ನೇ ನಂಬಿದವನ ಬುಟ್ಟಿ ಖಾಲಿ ಎಂದು ಅವರು ನಕ್ಕರು.

ಬಲೆಗೆ ಬಿದ್ದ ಹೆಣ್ಣೊಂದರ ಹೊಟ್ಟೆಯಡಿಯಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲಿತ್ತು. ಅದನ್ನು ಲಾಟೀನಿನ ಬೆಳಕಿಗೆ ಹಿಡಿದು, ಇದು ಹೊಸ ಮೊಟ್ಟೆ, ಬೂದುಬಣ್ಣಕ್ಕೆ ತಿರುಗಿದ ಮೇಲೆ ಒಡೆಯುತ್ತದೆ, ಅಷ್ಟರೊಳಗೆ ಇವಳು ಉಪ್ಪು ಇರುವ ಕಡೆಗೆ ಹೋಗಿ ಮುಟ್ಟಬೇಕು ಎಂದು ವಿವರಿಸಿದರು. ಜೀವಶಾಸ್ತ್ರ ಹೇಳುವುದೂ ಇದನ್ನೇ. ಮ್ಯಾಕ್ರೋಬ್ರಾಕಿಯಂ ರೋಸೆನ್‌ಬರ್ಗಿ ಎಂಬ ಈ ಸಿಗಡಿ ಬೆಳೆಯುವುದು ಸಿಹಿನೀರಿನಲ್ಲಾದರೂ ಅದರ ಮರಿಹುಳುಗಳು ಅರೆ ಉಪ್ಪುನೀರು ಸಿಗದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತವೆ. ಮಲೇಷ್ಯಾದ ಪೆನಾಂಗಿನಲ್ಲಿ ಶಾವೋ ವೆನ್ ಲಿಂಗ್ ಎಂಬ ವಿಜ್ಞಾನಿ ಇದನ್ನು ಕಂಡುಕೊಂಡದ್ದು 1961ರಲ್ಲಿ. ಇಂದಿನ ಸಿಹಿನೀರು ಸಿಗಡಿ ಸಾಕಣೆಯೆಲ್ಲ ನಿಂತಿರುವುದು ಅದರ ಮೇಲೆ. ಚೇಟ್ಟ ಆ ಹೆಣ್ಣನ್ನು ನೀರಿಗೆ ಬಿಟ್ಟರು. ಎಲ್ಲರೂ ಹಾಗೆ ಬಿಡುತ್ತಾರೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಸಿಕ್ಕಿದ್ದು ಮೈಯುದ್ದವನ್ನೂ ಮೀರಿದ ನೀಲಿ ಇಕ್ಕುಳಗಳ ಗಂಡು. ಒಂದು ಜಾಗದಲ್ಲಿ ಇಂಥವನೊಬ್ಬನಿದ್ದರೆ ಉಳಿದ ಗಂಡುಗಳು ತಗ್ಗಿ ನಡೆಯುತ್ತವೆ, ಅವನನ್ನು ಹಿಡಿದು ತೆಗೆದರೆ ಕಿತ್ತಳೆ ಇಕ್ಕುಳದ ಇನ್ನೊಬ್ಬ ಬೆಳೆದು ನೀಲಿಯಾಗುತ್ತಾನೆ, ಆದ್ದರಿಂದ ಒಳ್ಳೆಯ ಜಾಗವನ್ನು ಸ್ವಲ್ಪ ಕಾಲ ಬಿಟ್ಟು ಮತ್ತೆ ನೋಡಬೇಕು ಎಂಬುದು ಅವರ ಅನುಭವ. ಸಾಕಣೆ ಕೊಳಗಳಲ್ಲಿ ಸಂಶೋಧಕರು ವರ್ಣಿಸಿರುವ ಗಂಡುಗಳ ಶ್ರೇಣಿಯೂ ಇದೇ.

ಮರುದಿನ ಹಗಲಿನಲ್ಲಿ ಹಿನ್ನೀರಿಗೆ ಅಡ್ಡವಾಗಿ ಕಟ್ಟಿರುವ ತಣ್ಣೀರ್ಮುಕ್ಕಂ ಕಟ್ಟೆಯ ಮೇಲೆ ನಡೆದೆ. ಉಪ್ಪು ಗದ್ದೆಗೆ ನುಗ್ಗದಂತೆ ತಡೆಯಲು 1970ರ ದಶಕದಲ್ಲಿ ಬಳಕೆಗೆ ಬಂದ ಈ ಕಟ್ಟೆಯ ಬಾಗಿಲುಗಳನ್ನು ಡಿಸೆಂಬರ್ ಮಧ್ಯದಲ್ಲಿ ಮುಚ್ಚಿ ಮಾರ್ಚ್ ಮಧ್ಯದಲ್ಲಿ ತೆರೆಯಬೇಕೆಂಬುದು ವಾಡಿಕೆ. ಕೊಯ್ಲು ತಡವಾದ ವರ್ಷಗಳಲ್ಲಿ ತೆರೆಯುವುದೂ ಮುಂದಕ್ಕೆ ಹೋಗುತ್ತದೆ. ಕಟ್ಟೆಯ ತೆಂಕಣ ಭಾಗಕ್ಕೆ ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್ ಹೊಳೆಗಳು ಬಂದು ಸೇರುತ್ತವೆ, ಉಪ್ಪು ಇರುವುದು ಬಡಗಣದಲ್ಲಿ. ಅಲ್ಲಿ ಹುಟ್ಟಿದ ಮರಿಗಳು ಹೊಳೆಯತ್ತ ಏರಬೇಕಾದ ತಿಂಗಳುಗಳಲ್ಲೇ ದಾರಿ ಮುಚ್ಚಿರುತ್ತದೆ. ಕುಮಟಾದ ಗಜನಿ ಎಂಬ ಅಳಿವೆಯಂಚಿನ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಅಘನಾಶಿನಿಯ ಭರತದ ನೀರನ್ನು ಒಳಗೆ ಬಿಟ್ಟುಕೊಂಡು ಸಿಗಡಿ ಹಿಡಿಯುವುದನ್ನು ಕಂಡಿದ್ದ ನನಗೆ ಇಲ್ಲಿ ಭತ್ತವೂ ಸಿಗಡಿಯೂ ಎದುರಾಳಿಗಳಾಗಿರುವುದು ವಿಚಿತ್ರವಾಗಿ ಕಂಡಿತು. ಕುಟ್ಟನಾಡಿನ ರೈತನ ಕಷ್ಟ ಸುಳ್ಳಲ್ಲ. ಆದರೂ ಬಾಗಿಲಿನ ದಿನಾಂಕ ಗೊತ್ತುಮಾಡುವಾಗ ಭತ್ತದ ತೆನೆಯ ಜೊತೆಗೆ ಕೊಂಜಿನ ಮೊಟ್ಟೆಯ ಬಣ್ಣವನ್ನೂ ಯಾರಾದರೂ ನೋಡಬೇಕು ಎಂದು ನನಗೆ ಅನ್ನಿಸುತ್ತದೆ.

ಮರಿಕೇಂದ್ರಗಳಲ್ಲಿ ಬೆಳೆಸಿದ ಸಿಗಡಿ ಮರಿಗಳನ್ನು ಹಿನ್ನೀರಿಗೆ ಬಿಡುವ ಕಾರ್ಯಕ್ರಮಗಳೂ ಇಲ್ಲಿ ನಡೆಯುತ್ತವೆ. ಅದರ ಬಗ್ಗೆ ಕೇಳಿದಾಗ ಚೇಟ್ಟ ಬೇಡವೆನ್ನಲಿಲ್ಲ. ಮರಿಗಳನ್ನು ಕತ್ತಲಾದ ಮೇಲೆ, ನೆರೆ ಇಳಿದ ನೀರಿನಲ್ಲಿ, ಬೇರು ಮತ್ತು ಹುಲ್ಲಿನ ಮರೆಯಿರುವ ಅಂಚಿನಲ್ಲಿ ಚದುರಿಸಿ ಬಿಡಬೇಕು, ನಡುಮಧ್ಯಾಹ್ನ ಜೆಟ್ಟಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾ ಸುರಿದರೆ ಅದು ಮೀನಿಗೆ ಹಾಕಿದ ಊಟ ಎಂದಷ್ಟೇ ಹೇಳಿ, ಹರಿದ ಬಲೆಯ ಕಣ್ಣುಗಳನ್ನು ಹೆಣೆಯಲು ಕುಳಿತರು.